ಟನ್ನಿಗೊಂದು ಡಾಲರ್: ಆಲ್ಬರ್ಟಾದ ಕೆನೋಲಾ ಬೆಳೆಗಾರರ ಸಂಘ

ಸಾಸಿವೆ, ಎಲೆಕೋಸು, ಹೂಕೋಸು, ಮೂಲಂಗಿ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದ ಬೆಳೆಗಳೆಂಬುದು ರೈತ ಬಾಂಧವರಿಗೆ ತಿಳಿದ ಸಂಗತಿ. ಇದೇ ಕುಟುಂಬದ ಇನ್ನೊಂದು ಎಣ್ಣೆಬೀಜದ ಬೆಳೆ ಕೆನೋಲಾ. ಕೆನಡಾ ದೇಶದ ಪಶ್ಚಿಮ ಬಯಲು ಪ್ರದೇಶದಲ್ಲಿ ಇದನ್ನು ಮೇ ತಿಂಗಳಲ್ಲಿ ಬಿತ್ತಿ, ಚಳಿಗಾಲದ ಹಿಮ ಬೀಳುವ ಮೊದಲೇ ಕಟಾವು ಮಾಡುತ್ತಾರೆ. ಹಿಂದೆ ಅಲ್ಲಿ ಬೆಳೆಯುತ್ತಿದ್ದ ರೇಪ್ ಬೀಜದ ಎಣ್ಣೆಯಲ್ಲಿ ಎರೂಸಿಕ್ ಆಮ್ಲವೂ, ಹಿಂಡಿಯಲ್ಲಿ ಗ್ಲೂಕೋಸಿನೋಲೇಟ್ ಎಂಬ ಘಾಟು ಪದಾರ್ಥವೂ ಹೆಚ್ಚಾಗಿದ್ದವು. ಬಾಲ್ಡುರ್ ಸ್ಟೆಫಾನ್ಸನ್ ಮತ್ತು ಕೀತ್ ಡೌನಿ ಎಂಬ ತಳಿ ವಿಜ್ಞಾನಿಗಳ ಶ್ರಮದಿಂದ ಇವೆರಡೂ ತಗ್ಗಿದ ತಳಿಗಳು ದೊರೆತವು. ಅಂತಹ ಮೊದಲ ತಳಿ 'ಟವರ್' 1974ರಲ್ಲಿ ಬಿಡುಗಡೆಯಾಯಿತು. 1978ರಲ್ಲಿ ಈ ಹೊಸ ಬೆಳೆಗೆ ಕೆನೋಲಾ ಎಂದು ಹೆಸರಿಡಲಾಯಿತು.

ತಳಿಯ ಕಥೆಯನ್ನು ಇಲ್ಲಿಗೆ ಬಿಡೋಣ. ಒಳ್ಳೆಯ ತಳಿ ಕೈಗೆ ಬಂದ ಮೇಲೂ ಬೆಳೆಗಾರನೊಬ್ಬನೇ ಬಗೆಹರಿಸಲಾಗದ ತೊಂದರೆಗಳು ಉಳಿಯುತ್ತವೆ. ಅವನ್ನು ಎದುರಿಸಲು ಆಲ್ಬರ್ಟಾ ಪ್ರಾಂತ್ಯದ ರೈತರು 1989ರಲ್ಲಿ ತಮ್ಮದೇ ಒಂದು ಸಂಸ್ಥೆಯನ್ನು ಕಟ್ಟಿಕೊಂಡರು. ಅದರ ಹೆಸರು ಆಲ್ಬರ್ಟಾ ಕೆನೋಲಾ ಉತ್ಪಾದಕರ ಆಯೋಗ. ಹೆಸರಿನಲ್ಲಿ ಆಯೋಗವೆಂದಿದ್ದರೂ ಅದು ಬೆಳೆಗಾರರ ಸಂಘವೇ. ಅದರ ಕೆಲಸದ ರೀತಿಯಲ್ಲಿ ನೀವು ಗಮನಿಸತಕ್ಕ ಅಂಶಗಳು ಹಲವಿವೆ.

ಹಣ ಬರುವ ಬಗೆ

ರೈತನು ಕೆನೋಲಾ ಮಾರಿದಾಗ ಕೊಳ್ಳುವವನು ಟನ್ನಿಗೆ ಒಂದು ಡಾಲರಿನಂತೆ ಹಿಡಿದುಕೊಂಡು ಸಂಘಕ್ಕೆ ಕಳುಹಿಸುತ್ತಾನೆ. ಅಂದರೆ ಹತ್ತು ಕ್ವಿಂಟಾಲಿಗೆ ಒಂದು ಡಾಲರ್. ಎಕರೆಗೆ ಒಂಬತ್ತು ಕ್ವಿಂಟಾಲ್ ಇಳುವರಿ ಬಂದಿತೆಂದು ಇಟ್ಟುಕೊಳ್ಳಿ. ಐದು ನೂರು ಎಕರೆ ಬೆಳೆದವನು ಕೊಡುವುದು 450 ಡಾಲರ್. ಅಷ್ಟು ದೊಡ್ಡ ಹಿಡುವಳಿಗಳು ಅಲ್ಲಿ ಸಾಮಾನ್ಯ. ಟನ್ನಿನ ಬೆಲೆ ನೂರಾರು ಡಾಲರ್ ಇರುವಾಗ ಈ ವಂತಿಗೆ ಭಾರವಾದುದಲ್ಲ. ಆದರೆ ಸಾವಿರಾರು ರೈತರ ಚಿಲ್ಲರೆ ಒಂದೆಡೆ ಸೇರಿದಾಗ ಪ್ರಯೋಗಾಲಯ ನಡೆಸುವಷ್ಟು ಹಣವಾಗುತ್ತದೆ.

ಇಲ್ಲಿ ಒಂದು ವಿಶೇಷವಿದೆ. ಕೊಟ್ಟ ವಂತಿಗೆಯನ್ನು ರೈತನು ನಿಗದಿತ ಅವಧಿಯೊಳಗೆ ಅರ್ಜಿ ಹಾಕಿ ಹಿಂದಕ್ಕೆ ಪಡೆಯಬಹುದು. ಕಾರಣ ಹೇಳಬೇಕಾಗಿಲ್ಲ. ಸಂಘವು ತನ್ನ ಕೆಲಸದಲ್ಲಿ ಸಡಿಲವಾದರೆ ಅದರ ಖಜಾನೆಯೇ ಮೊದಲು ಸುದ್ದಿ ಹೇಳುತ್ತದೆ. ನಿರ್ದೇಶಕರೂ ಕೆನೋಲಾ ಬೆಳೆಯುವ ರೈತರೇ. ಪ್ರಾಂತ್ಯವನ್ನು ವಲಯಗಳಾಗಿ ವಿಂಗಡಿಸಿ, ಆಯಾ ವಲಯದ ಬೆಳೆಗಾರರು ಅವರನ್ನು ಆರಿಸುತ್ತಾರೆ.

ನಮ್ಮ ಕ್ಯಾಂಪ್ಕೋ ಅಡಿಕೆ ಕೊಳ್ಳುವಂತೆ ಈ ಸಂಘ ಬೆಳೆಯನ್ನು ಕೊಳ್ಳುವುದಿಲ್ಲ. ಬಿತ್ತನೆ ಬೀಜವನ್ನಾಗಲಿ ಔಷಧಿಯನ್ನಾಗಲಿ ಮಾರುವುದೂ ಇಲ್ಲ. ಇದು ಕೊರತೆಯೆಂದು ನಿಮಗೆ ತೋರಬಹುದು. ಆದರೆ ಮುಂದೆ ಹೇಳುವ ರೋಗದ ವಿಷಯದಲ್ಲಿ ಇದೇ ಅದರ ಬಲವಾಯಿತೆಂದು ನನ್ನ ಅಭಿಪ್ರಾಯ.

ಬೇರು ಬಾವು ರೋಗ

2003ರಲ್ಲಿ ಆಲ್ಬರ್ಟಾದ ರಾಜಧಾನಿ ಎಡ್ಮಂಟನ್ ನಗರದ ಬಳಿ ಕೆಲವು ಹೊಲಗಳಲ್ಲಿ ಕೆನೋಲಾ ಗಿಡಗಳು ಕಾಲಕ್ಕೆ ಮೊದಲೇ ಬಾಡಿ ಒಣಗಿದವು. ಕಿತ್ತು ನೋಡಿದರೆ ಬೇರುಗಳು ಊದಿ ಗದೆಯಂತಾಗಿದ್ದವು. ಇದು ಕ್ಲಬ್‌ರೂಟ್ ರೋಗ. ಟೊಮೇಟೊ, ಬದನೆ ಬೇರಿನಲ್ಲಿ ನೀವು ಕಾಣುವ ಗಂಟು ಜಂತುಹುಳುವಿನಿಂದ ಬರುವಂಥದು, ಇದು ಅದಲ್ಲ. ಮಣ್ಣಿನಲ್ಲಿರುವ ಪ್ಲಾಸ್ಮೋಡಿಯೋಫೋರಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ಕೋಸು, ಸಾಸಿವೆಯ ಕುಟುಂಬದ ಗಿಡಗಳೇ ಇದಕ್ಕೆ ಆಹಾರ. ಹುಳಿ ಮಣ್ಣು, ತೇವ ಮತ್ತು ಬೆಚ್ಚನೆಯ ಹವೆ ಸೇರಿದರೆ ಇದು ಬಲಗೊಳ್ಳುತ್ತದೆ. ಊದಿದ ಬೇರು ನೀರನ್ನೂ ಪೋಷಕಾಂಶವನ್ನೂ ಹೀರಲಾರದು, ಕಾಳು ಜಳ್ಳಾಗುತ್ತದೆ.

ಬೇರು ಕೊಳೆತಾಗ ಒಂದೊಂದು ಗಂಟಿನಿಂದಲೂ ಕೋಟ್ಯಂತರ ಬೀಜಾಣುಗಳು ಮಣ್ಣು ಸೇರುತ್ತವೆ. ಅವುಗಳಲ್ಲಿ ಬಹುಪಾಲು ಕೆಲವು ವರ್ಷಗಳಲ್ಲಿ ನಾಶವಾದರೂ, ಉಳಿದವು ಹದಿನೈದು-ಇಪ್ಪತ್ತು ವರ್ಷ ಬದುಕಬಲ್ಲವು. ಹೊಲದಿಂದ ಹೊಲಕ್ಕೆ ಇವು ಹೋಗುವುದು ಮುಖ್ಯವಾಗಿ ಉಳುವ ಸಲಕರಣೆ ಮತ್ತು ಗಾಡಿಯ ಚಕ್ರಗಳಿಗೆ ಅಂಟಿದ ಮಣ್ಣಿನೊಂದಿಗೆ. ಆದುದರಿಂದಲೇ ರೋಗವು ಮೊದಲು ಹೊಲದ ಬಾಗಿಲಿನಲ್ಲಿ, ಅಂದರೆ ಯಂತ್ರ ಒಳಬರುವ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಈಗ ಯೋಚಿಸಿ. ನೀವು ಎಷ್ಟೇ ಎಚ್ಚರಿಕೆ ವಹಿಸಿದರೂ ನೆರೆಯವನ ಹೊಲದ ಹೆಂಟೆ ನಿಮ್ಮ ಹೊಲಕ್ಕೆ ಬಂದರೆ ಮುಗಿಯಿತು. ನೆರೆಯವನಾದರೋ ರೋಗವಿದೆಯೆಂದು ಹೇಳಲು ಹಿಂಜರಿಯುತ್ತಾನೆ. ಭೂಮಿಯ ಬೆಲೆ ಇಳಿದೀತು, ಗುತ್ತಿಗೆಗೆ ಯಾರೂ ಕೇಳರು ಎಂಬ ಭಯ. 2007ರಲ್ಲಿ ಪ್ರಾಂತ್ಯ ಸರಕಾರವು ಈ ರೋಗವನ್ನು ಕೃಷಿ ಪೀಡೆಗಳ ಕಾಯಿದೆಗೆ ಸೇರಿಸಿತು. ಕಾಯಿದೆಯ ಪ್ರಕಾರ ಸ್ಥಳೀಯ ಆಡಳಿತದ ಅಧಿಕಾರಿಗಳು ಹೊಲ ಪರೀಕ್ಷಿಸಬಹುದು, ಬೆಳೆಯನ್ನು ನಿರ್ಬಂಧಿಸಬಹುದು. ಆದರೆ ಬಾಯಿ ಬಿಡಿಸುವ ಕೆಲಸ ಕಾಯಿದೆಯಿಂದ ಆಗುವಂಥದಲ್ಲ. ಅದಕ್ಕೆ ರೈತರ ನಡುವೆಯೇ ಮಾತು ನಡೆಯಬೇಕು. ಸಂಘವು ಸಂಶೋಧನೆಗೆ ಹಣ ಕೊಟ್ಟಿತು, ಚಳಿಗಾಲದ ಸಭೆಗಳಲ್ಲಿ ವಿಷಯವನ್ನು ಚರ್ಚೆಗೆ ತಂದಿತು, ಹತೋಟಿ ಕ್ರಮಗಳನ್ನು ಪ್ರಚಾರ ಮಾಡಿತು. ಆ ಕ್ರಮಗಳಲ್ಲಿ ಮುಖ್ಯವಾದವು ಇವು: ಹೊಲದಿಂದ ಹೊರಡುವ ಮುನ್ನ ಯಂತ್ರದ ಮಣ್ಣನ್ನು ಕೆರೆದು ತೆಗೆಯುವುದು (ಮಣ್ಣಿನ ಬಹುಪಾಲು ಇಷ್ಟರಿಂದಲೇ ಹೋಗುತ್ತದೆ), ರೋಗ ಹತ್ತಿದ ಹೊಲವಾದರೆ ನೀರಿನಿಂದ ತೊಳೆದು ಬ್ಲೀಚಿಂಗ್ ದ್ರಾವಣ ಸಿಂಪಡಿಸುವುದು, ಉಳುಮೆ ಆದಷ್ಟು ಕಡಿಮೆ ಮಾಡುವುದು, ತಾನಾಗಿ ಹುಟ್ಟಿದ ಕೆನೋಲಾ ಗಿಡ ಹಾಗೂ ಕಾಡು ಸಾಸಿವೆಯನ್ನು ಮೂರು ವಾರ ತುಂಬುವುದರೊಳಗೆ ನಾಶಪಡಿಸುವುದು, ಮತ್ತು ಕಟಾವಿಗೆ ಮುಂಚೆ ಹೊಲದ ಬಾಗಿಲಿನ ಬಳಿ ಕೆಲವು ಗಿಡ ಕಿತ್ತು ಬೇರು ನೋಡುವುದು.

2009ರಲ್ಲಿ ಮೊದಲ ರೋಗನಿರೋಧಕ ತಳಿ ಮಾರುಕಟ್ಟೆಗೆ ಬಂದಾಗ ಎಲ್ಲರೂ ನಿಟ್ಟುಸಿರುಬಿಟ್ಟರು. ಬೀಜ ಬದಲಿಸಿದರೆ ಸಾಕು, ಮಿಕ್ಕದ್ದು ಮೊದಲಿನಂತೆ ಎಂದುಕೊಂಡವರೂ ಇದ್ದರು. ಒಂದೇ ಬಗೆಯ ನಿರೋಧಕ ಗುಣವುಳ್ಳ ತಳಿಯನ್ನು ಮತ್ತೆ ಮತ್ತೆ ಬಿತ್ತಿದ್ದರ ಫಲವಾಗಿ, ಆ ಗುಣವನ್ನು ಮೀರುವ ರೋಗಾಣುವಿನ ಬಗೆಗಳು ಬಲಿತವು. 2013ರಲ್ಲಿ ನಿರೋಧಕ ತಳಿಗಳ ಬೇರಿನಲ್ಲೂ ಗಂಟು ಕಂಡುಬಂತು. ಕೆಲವೇ ಹೊಲಗಳಲ್ಲಿ ಆರಂಭವಾದ ರೋಗವು ಮುಂದೆ ಆ ಪ್ರಾಂತ್ಯದ ಮೂರು ಸಾವಿರಕ್ಕೂ ಹೆಚ್ಚು ಹೊಲಗಳಲ್ಲಿ ಪತ್ತೆಯಾಯಿತು.

ಉಳಿದ ಮಾರ್ಗವೆಂದರೆ ಬೆಳೆ ಪರಿವರ್ತನೆ. ಒಮ್ಮೆ ಕೆನೋಲಾ ಬೆಳೆದ ಹೊಲಕ್ಕೆ ಕನಿಷ್ಠ ಎರಡು ವರ್ಷ ಬಿಡುವು ಕೊಟ್ಟು, ಗೋಧಿ, ಬಾರ್ಲಿ, ಬಟಾಣಿ ಬೆಳೆಯಬೇಕು. ಹೇಳುವುದು ಸುಲಭ. ಆದರೆ ಅಲ್ಲಿ ಬ್ಯಾಂಕಿನ ಕಂತು ಕಟ್ಟಲು ಕೈಗೆ ಕಾಸು ತರುವ ಬೆಳೆ ಕೆನೋಲಾ. ವರ್ಷ ಬಿಟ್ಟು ವರ್ಷ ಅದನ್ನೇ ಬಿತ್ತುವ ರೈತನನ್ನು ಪೂರ್ತಿಯಾಗಿ ದೂರುವಂತಿಲ್ಲ. ಕೆನೋಲಾ ಹೆಚ್ಚು ಮಾರಿದಷ್ಟೂ ವಂತಿಗೆ ಹೆಚ್ಚುವ ಸಂಘವೇ ಇಲ್ಲಿ ಕೆನೋಲಾವನ್ನು ಕಡಿಮೆ ಸಲ ಬಿತ್ತಿರಿ ಎನ್ನಬೇಕಾಯಿತು. ಬೀಜ ಮಾರುವವರಿಂದ ಈ ಮಾತನ್ನು ನಿರೀಕ್ಷಿಸುವುದು ಕಷ್ಟ. ಎಲ್ಲರೂ ಕೇಳಿದರೆಂದಲ್ಲ. ಆದರೂ ರೋಗ ತಗುಲಿದ ಹೊಲವನ್ನು ಕಣ್ಣಾರೆ ಕಂಡವನು ಬೇಗ ಒಪ್ಪುತ್ತಾನೆ, ಕಾಣದವನು ತಡವಾಗಿ.

ಇತರ ನೆರವು

ತಳಿಗಳ ತುಲನೆಗೂ ಸಂಘದ ಹಣ ಒದಗಿದೆ. ನೆರೆಯ ಪ್ರಾಂತ್ಯಗಳಾದ ಸಾಸ್ಕಾಚೆವಾನ್ ಮತ್ತು ಮ್ಯಾನಿಟೋಬದ ಸಂಘಗಳೊಡನೆ ಸೇರಿ 2011ರಲ್ಲಿ ಕೆನೋಲಾ ತಳಿ ಪರೀಕ್ಷೆಗಳನ್ನು ಆರಂಭಿಸಲಾಯಿತು. ಬೇರೆ ಬೇರೆ ಕಂಪನಿಗಳ ತಳಿಗಳನ್ನು ಒಂದೇ ಹೊಲದಲ್ಲಿ ಒಟ್ಟಿಗೆ ಬಿತ್ತಿ, ಇಳುವರಿ, ಮಾಗುವ ದಿನ, ಗಿಡ ಒರಗುವ ಪ್ರಮಾಣ ಇವುಗಳನ್ನು ಅಳೆದು ಪ್ರಕಟಿಸುವುದೇ ಇದರ ಉದ್ದೇಶ. ಕಂಪನಿಯ ಕರಪತ್ರ ಓದಿ ಬೀಜ ಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರವನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಘಗಳು ಜೊತೆಗೂಡಿ ಬೆಳೆಗಾರರಿಗಾಗಿ ಒಂದು ಪತ್ರಿಕೆಯನ್ನೂ ಹೊರತರುತ್ತವೆ.

ಸುಗ್ಗಿಯಲ್ಲಿ ಎಲ್ಲರೂ ಒಮ್ಮೆಗೇ ಮಾರಿದರೆ ಬೆಲೆ ಕುಸಿಯುವುದು ಎಲ್ಲ ಕಡೆಯೂ ಇದ್ದದ್ದೇ. ಇದಕ್ಕಾಗಿ ಕೇಂದ್ರ ಸರಕಾರದ ಮುಂಗಡ ಹಣದ ಯೋಜನೆಯೊಂದಿದೆ. ಪ್ರಾಂತ್ಯ ಸಂಘಗಳು ಕೂಡಿ ನಡೆಸುವ ಕೆನಡಾ ಕೆನೋಲಾ ಬೆಳೆಗಾರರ ಸಂಘವು ಅದನ್ನು ರೈತರಿಗೆ ತಲುಪಿಸುತ್ತದೆ. ಬೆಳೆಯ ಆಧಾರದ ಮೇಲೆ ಹಣ ಪಡೆದು, ಮಾರಿದ ಮೇಲೆ ತೀರಿಸಬೇಕು. ಸಾಲದ ಮೊದಲ ಭಾಗಕ್ಕೆ ಬಡ್ಡಿಯನ್ನು ಸರಕಾರ ಭರಿಸುತ್ತದೆ.

ಸಂಘದ ಕೈಗೆ ನಿಲುಕದ್ದೂ ಇದೆ. 2019ರಲ್ಲಿ ಚೀನಾ ದೇಶವು ಎರಡು ದೊಡ್ಡ ಕೆನಡಾ ಕಂಪನಿಗಳಿಂದ ಕೆನೋಲಾ ಕೊಳ್ಳುವುದನ್ನು ನಿಲ್ಲಿಸಿತು. 2025ರ ಮಾರ್ಚಿಯಲ್ಲಿ ಅದು ಕೆನೋಲಾ ಎಣ್ಣೆ ಮತ್ತು ಹಿಂಡಿಯ ಮೇಲೆ ಶೇಕಡ 100ರ ಸುಂಕ ಹಾಕಿತು. ಆಗಸ್ಟ್‌ನಲ್ಲಿ ಬೀಜದ ಮೇಲೆ ಶೇಕಡ 75.8ರ ಠೇವಣಿ ವಿಧಿಸಿತು. ಕಟಾವು ಹತ್ತಿರ ಬಂದಿದ್ದ ಸಮಯ ಅದು. ಇಂತಹ ಹೊತ್ತಿನಲ್ಲಿ ಬೆಳೆಗಾರರ ಸಂಘಟನೆಗಳು ಸರಕಾರದ ಬಾಗಿಲು ತಟ್ಟಬಹುದು, ಮುಂಗಡದ ಮಿತಿ ಏರಿಸಿರೆಂದು ಕೇಳಬಹುದು, ಸುದ್ದಿಯನ್ನು ತಡವಿಲ್ಲದೆ ರೈತನಿಗೆ ಮುಟ್ಟಿಸಬಹುದು. ಬೆಲೆಯನ್ನು ಅವು ಕಟ್ಟಿಕೊಡಲಾರವು. ಅಂತಹ ವರ್ಷದಲ್ಲೂ ಮಾರಿದ ಪ್ರತಿ ಟನ್ನಿಗೆ ವಂತಿಗೆ ಮುರಿದುಕೊಳ್ಳುವುದು ತಪ್ಪುವುದಿಲ್ಲ. ಬೇಡವೆಂದವರಿಗೆ ಅರ್ಜಿಯ ನಮೂನೆ ಇದ್ದೇ ಇದೆ.