ಭುಜದ ಶಸ್ತ್ರಚಿಕಿತ್ಸೆಯ ನಂತರ: ನೋವು ತಡೆಯುವ ನರದ ಚುಚ್ಚುಮದ್ದು

ಭುಜದ ಶಸ್ತ್ರಚಿಕಿತ್ಸೆಯೆಂದರೆ ಹೆಚ್ಚಿನವರು ಅಂಜುವುದು ಆನಂತರದ ನೋವಿಗೆ. ಈ ಅಂಜಿಕೆಯಲ್ಲಿ ಹುರುಳಿಲ್ಲದಿಲ್ಲ. ಹರಿದ ಸ್ನಾಯುರಜ್ಜುವನ್ನು ಮೂಳೆಗೆ ಸೇರಿಸಿ ಹೊಲಿದಾಗ ಅಥವಾ ಕೀಲನ್ನೇ ಬದಲಿಸಿದಾಗ ಮೊದಲ ಒಂದೆರಡು ದಿನ ನೋವು ತೀವ್ರವಾಗಿರುತ್ತದೆ. ಇದನ್ನು ತಗ್ಗಿಸಲು ಅರಿವಳಿಕೆ ತಜ್ಞರು ಕೊಡುವ ಚುಚ್ಚುಮದ್ದೇ ‘ನರ್ವ್ ಬ್ಲಾಕ್’.

ಕೆಲಸ ಮಾಡುವ ಬಗೆ

ಭುಜದ ನೋವನ್ನು ಮಿದುಳಿಗೆ ತಲುಪಿಸುವ ನರಗಳು ಮುಖ್ಯವಾಗಿ ಕುತ್ತಿಗೆಯ ಐದು ಮತ್ತು ಆರನೆಯ ನರಬೇರುಗಳಿಂದ ಬರುತ್ತವೆ. ಕುತ್ತಿಗೆಯ ಪಕ್ಕದಲ್ಲಿ, ಎರಡು ಸ್ನಾಯುಗಳ ಸಂದಿನಲ್ಲಿ ಇವು ಹಾದುಹೋಗುತ್ತವೆ. ಅಲ್ಲಿ ಬುಪಿವಕೇನ್ ಅಥವಾ ರೋಪಿವಕೇನ್‌ನಂಥ ಔಷಧವನ್ನು ಚುಚ್ಚಿದರೆ ನೋವಿನ ಸಂದೇಶ ದಾರಿಯಲ್ಲೇ ನಿಲ್ಲುತ್ತದೆ. ಹಲ್ಲು ಕೀಳುವ ಮುನ್ನ ಕೊಡುವ ಚುಚ್ಚುಮದ್ದೂ ಇದೇ ಗುಂಪಿನದು. ಅಮೆರಿಕದ ವೈದ್ಯ ಅಲೋನ್ ವಿನಿ 1970ರಲ್ಲಿ ಈ ವಿಧಾನವನ್ನು ವಿವರಿಸಿದರು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ನರ ಮತ್ತು ಸೂಜಿ ಎರಡನ್ನೂ ನೋಡುತ್ತಾ ಔಷಧ ಕೊಡಬಹುದು.

ಮೊದಲೇ ತಿಳಿಸಿ

ಈ ಔಷಧ ಸಮೀಪದಲ್ಲೇ ಇರುವ, ಉಸಿರಾಟದ ವಪೆಯ ನರಕ್ಕೂ ತಾಗುವುದುಂಟು. ಆಗ ಆ ಬದಿಯ ವಪೆ ಕೆಲವು ಗಂಟೆ ದುರ್ಬಲವಾಗುತ್ತದೆ. ಆರೋಗ್ಯವಂತರಿಗೆ ಇದು ಅಷ್ಟಾಗಿ ತಿಳಿಯುವುದಿಲ್ಲ; ಶ್ವಾಸಕೋಶದ ಕಾಯಿಲೆ ಇದ್ದವರಿಗೆ ತೊಂದರೆಯಾಗಬಹುದು. ಅಂಥವರಿಗೆ ಬೇರೆ ನರಕ್ಕೆ ಚುಚ್ಚುವ ವಿಧಾನಗಳಿವೆ. ಆದ್ದರಿಂದ ದಮ್ಮು, ಧೂಮಪಾನ, ಸಕ್ಕರೆ ಕಾಯಿಲೆ, ಔಷಧದ ಅಲರ್ಜಿ ಯಾವುದನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ.

ರೆಪ್ಪೆ ಜೋತುಬೀಳುವುದು, ಧ್ವನಿ ಒರಟಾಗುವುದು, ಕೈ ಎತ್ತಲಾಗದಿರುವುದು ಸಾಮಾನ್ಯ; ಮದ್ದಿನ ಪ್ರಭಾವ ಇಳಿದಂತೆ ಸರಿಹೋಗುತ್ತವೆ. ಶಾಶ್ವತ ನರಹಾನಿ ಬಹಳ ಅಪರೂಪ.

ಮನೆಯವರು ಗಮನಿಸಬೇಕಾದುದು

ಒಂದೇ ಚುಚ್ಚುಮದ್ದಿನ ಪರಿಣಾಮ ಸಾಮಾನ್ಯವಾಗಿ 10ರಿಂದ 18 ಗಂಟೆ ಇರುತ್ತದೆ. ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾದರೆ ಅದು ಇಳಿಯುವುದು ರಾತ್ರಿ, ಎಲ್ಲರೂ ಮಲಗಿದ ಹೊತ್ತಿಗೆ. ಆಗ ನೋವು ಒಮ್ಮೆಗೇ ಏರುತ್ತದೆ. ‘ಈಗ ನೋವೇ ಇಲ್ಲ, ಮಾತ್ರೆ ಯಾಕೆ?’ ಎಂದು ರೋಗಿ ಹೇಳಿದರೂ, ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆಗಳನ್ನು ಹೊತ್ತು ತಪ್ಪದೆ ಕೊಡಿ. ನೋವು ಏರಿದ ಮೇಲೆ ನುಂಗಿದ ಮಾತ್ರೆ ಕೆಲಸ ಮಾಡಲು ಸಮಯ ಹಿಡಿಯುತ್ತದೆ.

ಮರಗಟ್ಟಿದ ಕೈಗೆ ಬಿಸಿ, ಒತ್ತಡ ತಿಳಿಯದು. ಬಿಸಿನೀರಿನ ಚೀಲ ಇಡಬೇಡಿ, ಬಿಸಿ ಕಾಫಿ ಲೋಟ ಆ ಕೈಗೆ ಕೊಡಬೇಡಿ. ತೋಳನ್ನು ಜೋಲಿಪಟ್ಟಿಯಲ್ಲಿಯೇ ಇರಿಸಿ. ಬೆನ್ನಿಗೆ ದಿಂಬು ಕೊಟ್ಟು ಒರಗಿ ಮಲಗಿಸಿದರೆ ಉಸಿರಾಟಕ್ಕೂ ಭುಜಕ್ಕೂ ಹಿತ.

ಉಸಿರುಕಟ್ಟಿದಂತಾದರೆ ಅಥವಾ ಎದೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡು ದಿನವಾದರೂ ಜೋಮು ಇಳಿಯದಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ.