ಗೇರುಸಿಪ್ಪೆಯ ಎಣ್ಣೆಯೂ ಕೈಯ ತುರಿಕೆಯೂ

ಕಾಪುವಿನಿಂದ ಕಾರ್ಕಳದ ವರೆಗೂ ನಮ್ಮ ಸ್ತ್ರೀಯರಲ್ಲಿ ಅನೇಕರು ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿದು ಮನೆಯನ್ನು ಸಾಗಿಸುತ್ತಾರೆ. ಅಕ್ಕಪಕ್ಕದಲ್ಲಿ ಕೂತು ಬೀಜ ಒಡೆಯುವ ಇಬ್ಬರಲ್ಲಿ ಒಬ್ಬಳ ಕೈ ಕಪ್ಪಾಗುವದೇ ಹೊರತು ಬೇರೇನೂ ಆಗದು. ಮತ್ತೊಬ್ಬಳಿಗೆ ಬೆರಳ ಸಂದುಗಳಲ್ಲಿ ಗುಳ್ಳೆಗಳೆದ್ದು, ನೀರು ಸುರಿದು, ಕಣ್ಣಿನ ರೆಪ್ಪೆಗಳೂ ಬಾತುಕೊಳ್ಳುವವು. ಇದು ಯಾಕೆ? ನೆರೆಯವರು ನಾಗದೋಷವೆನ್ನುವರು, ಕೆಲವರು ಕುಷ್ಠವೆಂದು ಹೆದರಿ ಅವಳ ಬಟ್ಟಲನ್ನು ಬೇರೆ ಇಡುವರು. ಎರಡೂ ಅಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೇ ಅಲ್ಲ.

ಪೋರ್ತುಗೀಸರು 16ನೇ ಶತಮಾನದಲ್ಲಿ ಬ್ರೆಜಿಲಿನಿಂದ ತಂದ ಈ ಮರದ ಬೀಜದ ಸಿಪ್ಪೆಯಲ್ಲಿ ಕಂದು ಬಣ್ಣದ ಎಣ್ಣೆಯುಂಟು. ಅದರಲ್ಲಿರುವ ಅನಕಾರ್ಡಿಕ್ ಆಮ್ಲ, ಕಾರ್ಡಾಲ್ ಎಂಬ ದ್ರವ್ಯಗಳು ಎರಡು ವಿಧವಾಗಿ ಕೇಡು ಮಾಡುವವು. ಹೆಚ್ಚಾಗಿ ತಗಲಿದರೆ ಯಾರ ಚರ್ಮವಾದರೂ ಸುಡುವದು. ಎರಡನೆಯದು ಒಗ್ಗದಿರುವಿಕೆ, ಅಂದರೆ ಅಲರ್ಜಿ. ಇದರಲ್ಲಿ ಶರೀರವು ಆ ದ್ರವ್ಯವನ್ನು ಶತ್ರುವೆಂದು ಗುರುತಿಟ್ಟುಕೊಂಡು, ಮುಂದೆ ಅದು ಎಳ್ಳಷ್ಟು ಸೋಂಕಿದರೂ ಒಂದೆರಡು ದಿವಸಗಳಲ್ಲಿ ಕೆರಳುವದು. ಈ ಗುರುತು ಮೊದಲ ದಿನವೇ ಹುಟ್ಟುವದಿಲ್ಲ. ವಾರಗಳು, ಕೆಲವರಲ್ಲಿ ವರುಷಗಳೇ ಬೇಕು. ಆದದರಿಂದ “ಹತ್ತು ವರುಷ ಇಲ್ಲದ್ದು ಈಗೆಲ್ಲಿಂದ ಬಂತು? ಇವಳದ್ದು ನೆವ” ಎಂದು ಆಕ್ಷೇಪಿಸುವ ಮೇಸ್ತ್ರಿಯೂ, ಹಾಗೆಯೇ ಅನ್ನುವ ಅತ್ತೆಯೂ ಅವಳಿಗೆ ಅನ್ಯಾಯ ಮಾಡುತ್ತಾರೆ.

ಒಮ್ಮೆ ಹುಟ್ಟಿದ ಅಲರ್ಜಿಯು ಸಾಮಾನ್ಯವಾಗಿ ಬಿಟ್ಟುಹೋಗದು. ಗೇರಿನ ಬಳಗಕ್ಕೇ ಸೇರಿದ ಮಾವಿನ ಸೊನೆಯೂ, ಹಿಂದೆ ಮಡಿವಾಳರು ಬಟ್ಟೆಗಳಿಗೆ ಗುರುತು ಹಾಕುತ್ತಿದ್ದ ಕೇರುಬೀಜದ ರಸವೂ ಅಂಥವಳಿಗೆ ಒಗ್ಗದೆ ಹೋಗಬಹುದು. ಒಲೆಯಲ್ಲಿ ಉರಿಯುವ ಗೇರುಸಿಪ್ಪೆಯ ಹೊಗೆಯೂ ಒಳ್ಳೇದಲ್ಲ.

ಈ ಎಣ್ಣೆಯು ನೀರಿನಲ್ಲಿ ಕರಗದು. ತಗಲಿದ ಕೂಡಲೆ ಒಣಬಟ್ಟೆಯಿಂದ ಒರಸಿ, ಸಾಬೂನು ಹಚ್ಚಿ ತೊಳೆಯತಕ್ಕದ್ದು. ಬೂದಿ ಹಚ್ಚಿಕೊಂಡು ಒಡೆಯುವದು ರೂಢಿಯಾದರೂ ಬೂದಿಯ ಕ್ಷಾರದಿಂದ ಚರ್ಮ ಬಿರಿಯುವದು. ಹರಳೆಣ್ಣೆಯ ಲೇಪ ಅದಕ್ಕಿಂತ ಮೇಲು. ಕೈಗವಸು ಹರಿದಿದ್ದರೆ ಅದನ್ನು ಬಿಸಾಡಬೇಕು, ಯಾಕಂದರೆ ಒಳಸೇರಿದ ಎಣ್ಣೆ ಅಲ್ಲಿಯೇ ನಿಂತು ಹೆಚ್ಚು ಸುಡುವದು. ಕೆಲಸದ ಸೀರೆಯನ್ನು ಕೂಸಿನ ಬಟ್ಟೆಯೊಂದಿಗೆ ಒಗೆಯಕೂಡದು. ಇಷ್ಟರಿಂದಲೂ ತುರಿಕೆ ನಿಲ್ಲದಿದ್ದರೆ, ಒಡೆಯುವ ಕೆಲಸದಿಂದ ತಿರುಳನ್ನು ವಿಂಗಡಿಸುವ ಕೆಲಸಕ್ಕೆ ಬದಲಾಯಿಸಿ ಕೊಡಬೇಕೆಂದು ಕೇಳಿಕೊಳ್ಳುವದರಲ್ಲಿ ನಾಚಿಕೆಯಿಲ್ಲ. ಕೂಲಿಯನ್ನು ಪೂರ್ತಿ ಕಳಕೊಳ್ಳುವದಕ್ಕಿಂತ ಅದು ಲೇಸು.

ಗಾರೆ ಕೆಲಸದವರಿಗೆ ಸಿಮೆಂಟಿನ ಕ್ರೋಮಿಯಮ್ಮಿನಿಂದಲೂ, ನಕಲಿ ಒಡವೆ ತೊಡುವವರಿಗೆ ನಿಕ್ಕಲಿನಿಂದಲೂ, ತಲೆಗೂದಲಿಗೆ ಕಪ್ಪು ಬಣ್ಣ ಹಚ್ಚುವವರಿಗೆ ಆ ಬಣ್ಣದಿಂದಲೂ ಇದೇ ರೀತಿ ಆಗುವದುಂಟು. ಯಾವದೆಂದು ತಿಳಿಯಲು ಚರ್ಮದ ವೈದ್ಯರು ಒಂದು ಪರೀಕ್ಷೆ ಮಾಡುತ್ತಾರೆ. ಮಣಿಪಾಲದಲ್ಲಿ 1953ರಲ್ಲಿ ಸ್ಥಾಪಿತವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಇದಕ್ಕೆ ಅನುಕೂಲವುಂಟು. ಸಂಶಯವಿರುವ ದ್ರವ್ಯಗಳನ್ನು ಸ್ವಲ್ಪ ಸ್ವಲ್ಪವಾಗಿ ಬೆನ್ನಿಗೆ ಅಂಟಿಸಿ, 48 ತಾಸುಗಳಾದ ಮೇಲೆ ತೆಗೆದು, ತರುವಾಯ ಇನ್ನೊಂದು ಸಾರಿ ನೋಡುವರು. ಆ ದಿವಸಗಳಲ್ಲಿ ಬೆನ್ನನ್ನು ನೆನಸಬಾರದು. ಹೋಗುವಾಗ ತಾನು ಬಳಸುವ ಸಾಬೂನನ್ನೂ, ಹಚ್ಚಿಕೊಂಡ ಮದ್ದುಗಳನ್ನೂ, ಕೈಗವಸನ್ನೂ ಸಂಗಡ ಒಯ್ಯಬೇಕು. ಕೆಲವು ಸಾರಿ ಗೇರೆಣ್ಣೆಯಲ್ಲ, ಕೈಗವಸಿನ ರಬ್ಬರೇ ಕಾರಣವಾಗಿರುವದು.