ಮೊಬೈಲಿನಲ್ಲಿ ಮಾರಾಟ: ಪುನರ್ಪುಳಿ ಕಲಿಸಿದ ಪಾಠ

ನಮ್ಮದು ಮೂರು ಎಕ್ರೆ ಅಡಿಕೆ ತೋಟ. ಮೇಲಿನ ಗುಡ್ಡೆಯ ಅಂಚಿನಲ್ಲಿ ಅಜ್ಜನ ಕಾಲದಿಂದ ಇರುವ ಪುನರ್ಪುಳಿ ಮರಗಳಿವೆ. ಗಂಡು ಮರ ಬಿಟ್ಟು ಹಣ್ಣು ಕೊಡುವಂಥವು 12. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಹೆಕ್ಕಿ, ಬೀಜ ತೆಗೆದು, ಸಿಪ್ಪೆ ಒಣಗಿಸುತ್ತೇವೆ. ನಮ್ಮಲ್ಲಿ 10 ಕೆ.ಜಿ. ಹಣ್ಣಿಗೆ ಹೆಚ್ಚುಕಮ್ಮಿ ಒಂದು ಕೆ.ಜಿ. ಒಣಸಿಪ್ಪೆ ಸಿಗುತ್ತದೆ. ಅದನ್ನು ಚೀಲದಲ್ಲಿ ಕಟ್ಟಿ ಪೇಟೆಯ ಅಂಗಡಿಗೆ ಕೊಡುವುದು, ಅವರು ಹೇಳಿದ ಧಾರಣೆ ತೆಗೆದುಕೊಳ್ಳುವುದು. ಇಷ್ಟೇ ನಮ್ಮ ಮಾರುಕಟ್ಟೆ ಜ್ಞಾನ.

2020ರ ಲಾಕ್‌ಡೌನ್‌ನಲ್ಲಿ ಈ ಕ್ರಮ ತಪ್ಪಿತು. ಅಂಗಡಿಯವರು ‘ಈಗ ಬೇಡ’ ಎಂದರು. ಮನೆಯಲ್ಲಿ 60 ಕೆ.ಜಿ. ಸಿಪ್ಪೆ. ಮಳೆ ಬಂದರೆ ತೇವ ಎಳೆದು ಬೂಸ್ಟು ಹಿಡಿಯುತ್ತದೆ. ಮಗಳು ಒಂದು ಫೋಟೋ ತೆಗೆದು, ನಾಲ್ಕು ಸಾಲು ಬರೆದು ನಾಲ್ಕಾರು ವಾಟ್ಸಾಪ್ ಗುಂಪುಗಳಿಗೆ ಹಾಕಿದಳು. ನನಗೆ ನಂಬಿಕೆ ಇರಲಿಲ್ಲ. ಆದರೆ ಎರಡೇ ವಾರದಲ್ಲಿ 73 ಮಂದಿ ಕೇಳಿದರು. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಪುಣೆಯಿಂದಲೂ! ಜೂನ್ ಕೊನೆಯೊಳಗೆ ಅಂಚೆಯಲ್ಲಿ ಅಷ್ಟೂ ಹೋಯಿತು.

ಇನ್ನು ಚಿಂತೆಯಿಲ್ಲ ಎಂದುಕೊಂಡೆ. ಅಲ್ಲೇ ಎಡವಿದ್ದು.

ಎರಡನೇ ವರ್ಷದ ಸೋಲು

ಆ ಅಕ್ಟೋಬರಿನಲ್ಲಿ ನನ್ನ ಮೊಬೈಲ್ ತೋಟದ ನೀರಿನ ಟ್ಯಾಂಕಿಗೆ ಬಿತ್ತು. ಮತ್ತೆ ಜೀವ ಬರಲಿಲ್ಲ. ಗಿರಾಕಿಗಳ ನಂಬರು, ಮಾತುಕತೆ ಎಲ್ಲವೂ ಅದರಲ್ಲಿ. ಬ್ಯಾಕಪ್ ಎಂಬ ಶಬ್ದವೇ ನನಗೆ ಗೊತ್ತಿರಲಿಲ್ಲ. 2021ರ ಮೇಯಲ್ಲಿ ಹೊಸ ಮೊಬೈಲಿನಿಂದ ಅದೇ ಗುಂಪುಗಳಿಗೆ ಅದೇ ರೀತಿ ಫೋಟೋ ಹಾಕಿದೆ. ಹದಿನೈದು ದಿನದಲ್ಲಿ ಬಂದ ಬೇಡಿಕೆ ಆರು.

ಆಗ ಯೋಚನೆಗೆ ಹತ್ತಿತು. ಮೊದಲ ವರ್ಷ ಜನ ಕೊಂಡದ್ದರಲ್ಲಿ ಅರ್ಧ ಪಾಲು ‘ಪಾಪ, ರೈತರ ಮಾಲು ಹಾಳಾಗುವುದು ಬೇಡ’ ಎಂಬ ಕನಿಕರದಿಂದ. ಕನಿಕರದ ವ್ಯಾಪಾರ ಒಂದೇ ಸಲ. ಎರಡನೇ ಸಲ ಕೊಳ್ಳುವವರು ರುಚಿ ಹಿಡಿಸಿದವರು. ಅವರು ಯಾರು? ನನಗೆ ಗೊತ್ತಿಲ್ಲ! ಗೊತ್ತಿದ್ದರೂ ನಂಬರಿಲ್ಲ.

ನಮ್ಮನ್ನು ಬಚಾವು ಮಾಡಿದ್ದು ಮಗಳ ಹಳೇ ಶಾಲೆ ಪುಸ್ತಕ. ಪಾರ್ಸೆಲ್ ಕಟ್ಟುವಾಗ ತಪ್ಪಬಾರದೆಂದು ಅವಳು ವಿಳಾಸಗಳನ್ನು ಅದರ ಹಿಂದಿನ ಪುಟಗಳಲ್ಲಿ ಬರೆದಿದ್ದಳು. ರದ್ದಿಗೆ ಹಾಕಲು ತೆಗೆದಿಟ್ಟ ಕಟ್ಟಿನಲ್ಲಿ ಸಿಕ್ಕಿತು. ಫೋನ್ ನಂಬರು ಇಲ್ಲ, ವಿಳಾಸ ಮಾತ್ರ. ಅಂಚೆ ಕಾರ್ಡು ತಂದು 73 ಮಂದಿಗೂ ಬರೆದೆವು. ‘ಈ ವರ್ಷದ ಪುನರ್ಪುಳಿ ಒಣಗಿದೆ. ಬೇಕಿದ್ದರೆ ಈ ನಂಬರಿಗೆ ತಿಳಿಸಿ’ ಎಂದು ಎರಡು ಸಾಲು. ಕಾರ್ಡೊಂದಕ್ಕೆ 50 ಪೈಸೆ, ಒಟ್ಟು ಖರ್ಚು 36 ರೂ. 50 ಪೈಸೆ. 19 ಮಂದಿ ಫೋನ್ ಮಾಡಿದರು. 14 ಮಂದಿ ಮಾಲು ತರಿಸಿದರು. ಅವರಲ್ಲಿ ಹಲವರು ಈಗಲೂ ನಮ್ಮ ಗಿರಾಕಿಗಳು.

ಮೊಬೈಲು ಬಾಗಿಲು ಮಾತ್ರ. ಬಾಗಿಲಿಗೆ ಬಂದವರ ಹೆಸರು ಬರೆದಿಟ್ಟ ಪುಸ್ತಕವೇ ನಮ್ಮ ಅಂಗಡಿ. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು. ಅದಕ್ಕೇ ಈ ಬರಹ.

ಪುಸ್ತಕದಲ್ಲಿ ಏನು ಬರೆಯಬೇಕು?

ಹೆಸರು, ಫೋನ್, ಪಿನ್‌ಕೋಡ್ ಸಹಿತ ವಿಳಾಸ, ಕಳಿಸಿದ ತಾರೀಕು, ಏನು, ಎಷ್ಟು, ಯಾರಿಂದ ನಮ್ಮ ವಿಷಯ ತಿಳಿಯಿತು. ಕೊನೆಗೆ ‘ಅವರು ಹೇಳಿದ್ದು’ ಎಂಬ ಒಂದು ಕಾಲಂ. ‘ಕಲ್ಲು ಸಿಕ್ಕಿತು’, ‘ಬಣ್ಣ ಚೆನ್ನಾಗಿ ಬಿಡುತ್ತದೆ’, ‘ಇನ್ನೂ ಸಣ್ಣ ಪ್ಯಾಕೆಟ್ ಇದ್ದರೆ ಒಳ್ಳೆಯದಿತ್ತು’ – ಇಂಥ ಮಾತುಗಳು ಅಲ್ಲಿ ದಾಖಲಾಗುತ್ತವೆ. 250 ಗ್ರಾಂ ಪ್ಯಾಕೆಟ್ ಶುರು ಮಾಡಿದ್ದು ಈ ಕಾಲಂ ಓದಿಯೇ. ತಿಂಗಳಿಗೊಮ್ಮೆ ಮಗಳು ಆ ಪುಟಗಳ ಫೋಟೋ ತೆಗೆದು ತನ್ನ ಇಮೇಲಿಗೆ ಹಾಕಿಕೊಳ್ಳುತ್ತಾಳೆ. ಪುಸ್ತಕಕ್ಕೆ ಗೆದ್ದಲು ಹಿಡಿದರೂ ಇನ್ನೊಂದು ಪ್ರತಿ ಇರಬೇಕಲ್ಲ!

ಬಾಡಿಗೆ ಜಾಗ ನೆನಪಿರಲಿ

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ವಾಟ್ಸಾಪ್ ಯಾವುದೂ ನಮ್ಮದಲ್ಲ. ಇನ್ನೊಬ್ಬರ ಜಾಗೆಯಲ್ಲಿ ನಾವು ಬಾಳೆ ನೆಟ್ಟ ಹಾಗೆ. ಫಲ ತೆಗೆಯಬಹುದು, ಧಣಿ ‘ಏಳು’ ಎಂದರೆ ಏಳಬೇಕು. 2020ರ ಜೂನ್ ಕೊನೆಗೆ ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದರಲ್ಲಿ ಲಕ್ಷಗಟ್ಟಲೆ ಅಭಿಮಾನಿಗಳಿದ್ದವರು ರಾತ್ರಿ ಬೆಳಗಾಗುವುದರೊಳಗೆ ಬರಿಗೈಯಾದರು. ಸಣ್ಣ ವ್ಯಾಪಾರಿಗಳಿಗೆ ಗೂಗಲ್ ಪುಕ್ಕಟೆ ವೆಬ್‌ಸೈಟ್ ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನೂ ನಿಲ್ಲಿಸಿತು. ಆ ವಿಳಾಸವನ್ನು ಲೇಬಲ್ ಮೇಲೆ ಅಚ್ಚು ಹಾಕಿಸಿದವರ ಗತಿ?

ಹಾಗೆಂದು ಇವನ್ನು ಬಿಡಬೇಕೆಂದಲ್ಲ. ಬಳಸಿ. ಆದರೆ ಅಲ್ಲಿ ಸಿಕ್ಕಿದ ಪ್ರತಿ ಗಿರಾಕಿಯನ್ನೂ ಪುಸ್ತಕಕ್ಕೆ ಇಳಿಸಿಕೊಳ್ಳಿ. ಲೇಬಲ್ ಮೇಲೆ ಎಂದೂ ಬದಲಾಗದ ಒಂದು ಫೋನ್ ನಂಬರು ಇರಲಿ. ಆ ಸಿಮ್ಮಿಗೆ ರಿಚಾರ್ಜ್ ತಪ್ಪಿಸಬೇಡಿ. ಬಹುಕಾಲ ಸುಮ್ಮನೆ ಬಿದ್ದ ನಂಬರನ್ನು ಕಂಪೆನಿ ಇನ್ನೊಬ್ಬರಿಗೆ ಕೊಟ್ಟುಬಿಡುತ್ತದೆ.

ವಾಟ್ಸಾಪ್: ಬೊಬ್ಬೆ ಬೇಡ

2018ರಲ್ಲಿ ಬಂದ ವಾಟ್ಸಾಪ್ ಬಿಸ್‌ನೆಸ್ ಎಂಬ ಬೇರೆಯೇ ಆಪ್ ಇದೆ. ಹಾಕಿಕೊಳ್ಳಲು ಖರ್ಚಿಲ್ಲ. ನಮ್ಮ ಮಾಲುಗಳ ಫೋಟೋ, ಕ್ರಯ ಇಟ್ಟ ಪಟ್ಟಿಯನ್ನು ಅದರಲ್ಲಿ ಮಾಡಿಡಬಹುದು. ತೋಟದಲ್ಲಿರುವಾಗ ಯಾರಾದರೂ ಕೇಳಿದರೆ ‘ಸಂಜೆ ಉತ್ತರಿಸುತ್ತೇನೆ’ ಎಂದು ತಾನಾಗಿ ಹೋಗುವ ಹಾಗೆಯೂ ಮಾಡಬಹುದು. ನನಗೆ ಬಹಳ ಉಪಕಾರವಾದದ್ದು ಇದೇ. ಮೊದಲು ಅಡಿಕೆ ಸುಲಿಯುತ್ತಾ ಫೋನ್ ನೋಡುತ್ತಾ ಎರಡೂ ಕೆಲಸ ಕೆಡುತ್ತಿತ್ತು.

ಒಂದೇ ಸುದ್ದಿಯನ್ನು ಹಲವರಿಗೆ ಕಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಇದೆ. ನಮ್ಮ ನಂಬರು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲಪುತ್ತದೆ. ಹಾಗಾಗಿ ಪಾರ್ಸೆಲ್ ಒಳಗೆ ಒಂದು ಚೀಟಿ ಇಡುತ್ತೇವೆ: ‘ಮುಂದಿನ ವರ್ಷದ ಹಣ್ಣಿನ ಸುದ್ದಿ ಬೇಕಿದ್ದರೆ ಈ ನಂಬರು ಸೇವ್ ಮಾಡಿ, ಒಂದು ಮೆಸೇಜ್ ಹಾಕಿ.’ ಹಾಕಿದವರನ್ನು ಮಾತ್ರ ಪಟ್ಟಿಗೆ ಸೇರಿಸುತ್ತೇವೆ. ವರ್ಷಕ್ಕೆ ನಾಲ್ಕೇ ಸುದ್ದಿ. ಹೂ ಬಿಟ್ಟಾಗ, ಹಣ್ಣಾದಾಗ, ಒಣಗಿ ತಯಾರಾದಾಗ, ಮುಗಿದಾಗ. ದಿನಾ ‘ಶುಭೋದಯ’ ಕಳಿಸಿದರೆ ಜನ ನಮ್ಮನ್ನು ಬ್ಲಾಕ್ ಮಾಡುತ್ತಾರೆ. ಹಾಗೆ ಬ್ಲಾಕ್, ದೂರು ಹೆಚ್ಚಾದರೆ ನಂಬರೇ ನಿಂತುಹೋಗುವ ಅಪಾಯವೂ ಇದೆ.

ಮಾಲು ಬಳಸುವುದು ಹೇಗೆಂದು ತೋರಿಸಿದರೆ ಬೇಡಿಕೆ ಹುಟ್ಟುತ್ತದೆ. 2021ರಲ್ಲಿ ಬಾಳೆಕಾಯಿ ಹುಡಿ, ಅಂದರೆ ‘ಬಾಕಾಹು’, ಮನೆಮನೆಗೆ ಹಬ್ಬಿದ್ದು ಹೀಗೆಯೇ. ಮಾಡಿದವರು ತಾವು ಮಾಡಿದ ತಿಂಡಿಯ ಫೋಟೋ ಹಾಕಿದರು, ನೋಡಿದವರು ತಾವೂ ಮಾಡಿದರು. ನಾವು ಚೀಟಿಯ ಹಿಂಬದಿಯಲ್ಲಿ ಪುನರ್ಪುಳಿ ಸಾರಿನ ಕ್ರಮ ಬರೆಯುತ್ತೇವೆ.

ನಾಲ್ಕು ಹೆಸರು, ಒಂದು ಹಣ್ಣು

ನಮ್ಮ ಊರಿನ ಪುನರ್ಪುಳಿ ಮಲೆನಾಡು, ಉತ್ತರ ಕನ್ನಡದ ಕಡೆ ಮುರುಗಲು. ಮಹಾರಾಷ್ಟ್ರದವರಿಗೆ ಕೋಕಂ. ಗೋವೆಯಲ್ಲಿ ಭಿರಂಡ. ಮೊಬೈಲಿನಲ್ಲಿ ಹುಡುಕುವವರು ಅವರವರ ಹೆಸರಿನಲ್ಲೇ ಹುಡುಕುತ್ತಾರೆ. ಬರೇ ‘ಪುನರ್ಪುಳಿ’ ಎಂದು ಬರೆದರೆ ಪುಣೆಯವರಿಗೆ ಸಿಗುವುದು ಹೇಗೆ? ಎಲ್ಲಾ ಹೆಸರುಗಳನ್ನೂ ವಿವರಣೆಯಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿರಿ. ಆದರೆ ಕೇರಳದ ಕೊಡಂಪುಳಿ ಬೇರೆ. ಅದು ನಮ್ಮ ಉಪ್ಪಾಗೆ. ಹೆಚ್ಚು ಜನ ಬರಲಿ ಎಂದು ಆ ಹೆಸರನ್ನೂ ಸೇರಿಸಿದರೆ ಮೀನು ಸಾರಿಗೆ ಅದನ್ನು ತರಿಸಿದವರು ಬಯ್ಯದೆ ಬಿಡುವುದಿಲ್ಲ.

ಗೂಗಲ್ ನಕ್ಷೆಯಲ್ಲಿ ನಮ್ಮ ಜಾಗದ ಹೆಸರು ಹಾಕಿಸುವುದಕ್ಕೂ ದುಡ್ಡಿಲ್ಲ. ಅವರ ನಿಯಮದ ಪ್ರಕಾರ ಗಿರಾಕಿಗಳು ಮುಖತಃ ಸಿಗುವ ವ್ಯಾಪಾರವಾಗಿರಬೇಕು. ಅಂಚೆಯಲ್ಲಿ ಮಾತ್ರ ಕಳಿಸುವವರಿಗೆ ಇದು ಹೊಂದುವುದಿಲ್ಲ. ಮನೆಯಲ್ಲೇ ಮಾರುವುದಿದ್ದರೆ ಮಾಡಿ. ಬೋರ್ಡು, ಸುತ್ತಲಿನ ಜಾಗದ ವಿಡಿಯೋ ಕೇಳಬಹುದು. ‘ಬೇಗ ಮಾಡಿಸಿಕೊಡುತ್ತೇವೆ, ಇಷ್ಟು ಸಾವಿರ ಕೊಡಿ’ ಎಂದು ಫೋನ್ ಬಂದರೆ ಇಟ್ಟುಬಿಡಿ.

ಫೋಟೋ, ಬರಹ, ಲೇಬಲ್

ಫೋಟೋಕ್ಕೆ ಬೆಳಗ್ಗಿನ ಹೊತ್ತು, ಜಗಲಿಯ ನೆರಳು ಉತ್ತಮ. ಉರಿಬಿಸಿಲಿನಲ್ಲಿ ಸಿಪ್ಪೆಯ ಕೆಂಪು ಕಪ್ಪಾಗಿ ಕಾಣುತ್ತದೆ. ಗಾತ್ರ ತಿಳಿಯಲು ಅಂಗೈಯಲ್ಲಿಟ್ಟು ತೆಗೆಯಿರಿ. ಇನ್ನೊಬ್ಬರ ಚಂದದ ಫೋಟೋ ಕದ್ದು ಹಾಕಬೇಡಿ. ಮಾಲು ಕೈಗೆ ಬಂದಾಗ ಬೇರೆ ಕಂಡರೆ ಆ ಗಿರಾಕಿ ಮತ್ತೆ ಬರಲಾರ.

ಕ್ರಯವನ್ನು ಬರೆದುಬಿಡಿ. ಕೇಳಿದ ಮೇಲೆ ಹೇಳುವ ಕ್ರಮದಲ್ಲಿ ಇಬ್ಬರಿಗೂ ಸಮಯ ಹಾಳು. ಅಂಚೆ ವೆಚ್ಚ ಬೇರೆಯೋ ಸೇರಿಯೋ ಅದೂ ಸ್ಪಷ್ಟವಿರಲಿ. ‘ಸಕ್ಕರೆ ಕಾಯಿಲೆ ಗುಣವಾಗುತ್ತದೆ, ತೂಕ ಇಳಿಯುತ್ತದೆ’ ಎಂದೆಲ್ಲ ಬರೆಯಬೇಡಿ. ಅದು ಆಹಾರ ಕಾನೂನಿಗೆ ವಿರುದ್ಧ, ನಮ್ಮ ಮರ್ಯಾದೆಗೂ ಒಳ್ಳೆಯದಲ್ಲ.

ತಿನ್ನುವ ವಸ್ತುವನ್ನು ಪ್ಯಾಕೆಟ್ ಮಾಡಿ ಮಾರಲು ಆಹಾರ ಸುರಕ್ಷತೆಯ ನೋಂದಣಿ, ಅಂದರೆ ಎಫ್‌ಎಸ್‌ಎಸ್‌ಎಐ, ಬೇಕು. ಅರ್ಜಿಯನ್ನು ಅವರದೇ ಫೋಸ್ಕೋಸ್ ಜಾಲತಾಣದಲ್ಲಿ ನಾವೇ ಹಾಕಬಹುದು. ಸಿಗುವ 14 ಅಂಕೆಯ ಸಂಖ್ಯೆಯನ್ನು ಲೇಬಲ್‌ನಲ್ಲಿ ಮುದ್ರಿಸಬೇಕು. ಜತೆಗೆ ಮಾಲಿನ ಹೆಸರು, ಏನೇನು ಸೇರಿದೆ, ನಿವ್ವಳ ತೂಕ, ಸಸ್ಯಾಹಾರದ ಹಸಿರು ಗುರುತು, ತಯಾರಿಸಿದ ತಾರೀಕು, ಎಷ್ಟು ಕಾಲ ಬಾಳುತ್ತದೆ, ಬ್ಯಾಚ್ ಸಂಖ್ಯೆ, ಎಲ್ಲಾ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ನಮ್ಮ ವಿಳಾಸ, ದೂರು ಹೇಳಲು ಫೋನ್. ಬ್ಯಾಚ್ ಸಂಖ್ಯೆ ನಮಗೇ ಬೇಕಾಗುತ್ತದೆ. ಒಮ್ಮೆ ‘ಸಿಪ್ಪೆ ಮೆತ್ತಗಾಗಿದೆ’ ಎಂದು ಮೂರು ದೂರು ಬಂತು. ಮೂರೂ ಒಂದೇ ಬ್ಯಾಚ್, ಮೋಡವಿದ್ದ ದಿನ ಒಣಗಿಸಿದ್ದು. ಉಳಿದದ್ದನ್ನು ಕಳಿಸದೆ ನಿಲ್ಲಿಸಿದೆವು.

ಲೆಕ್ಕ ಹಾಕಿ ನೋಡಿ

ಪೇಟೆಯ ಅಂಗಡಿ ಕೊಡುತ್ತಿದ್ದದ್ದು ಕಿಲೋಗೆ 170 ರೂ., ಅಂದರೆ ಅರ್ಧ ಕಿಲೋಗೆ 85. ನೇರ ಮಾರಾಟದಲ್ಲಿ ಅರ್ಧ ಕಿಲೋಗೆ 180, ಅಂಚೆ ವೆಚ್ಚ ಗಿರಾಕಿಯದ್ದು. ಕವರು, ಲೇಬಲ್ 12, ರಟ್ಟಿನ ಪೆಟ್ಟಿಗೆ 15, ಟೇಪು 3, ಹೀಗೆ 30 ರೂ. ಹೋಯಿತು. ಅಂಚೆ ಕಚೇರಿ ನಮ್ಮಿಂದ 9 ಕಿ.ಮೀ. ಒಂದು ಪ್ಯಾಕೆಟಿಗಾಗಿ ಓಡಿದರೆ ದಿವಾಳಿ. ಮಂಗಳವಾರ, ಶುಕ್ರವಾರ ಮಾತ್ರ ಹೋಗುವುದು. ಎಂಟು ಪಾರ್ಸೆಲ್ ಸೇರಿದರೆ ಸ್ಕೂಟರ್ ಖರ್ಚು ತಲಾ 5 ರೂ. ಕೈಯಲ್ಲಿ ಉಳಿಯುವುದು 145. ಅಂಗಡಿಗಿಂತ 60 ರೂ. ಹೆಚ್ಚು. ಆದರೆ ಮಾತಾಡಿ, ಕಟ್ಟಿ, ಬರೆದು ಮುಗಿಸಲು ಪ್ಯಾಕೆಟ್ ಒಂದಕ್ಕೆ 20 ನಿಮಿಷ ಬೇಕು. ಆ 60 ರೂಪಾಯಿ ನಮ್ಮ ಮಜೂರಿ ಎಂದೇ ತಿಳಿಯಬೇಕು. ಪುರುಸೊತ್ತು ಇಲ್ಲದವರಿಗೆ ಅಂಗಡಿಯೇ ಸರಿ.

ಹಪ್ಪಳದಂಥ ಹಗುರ ಮಾಲು ಕಳಿಸುವವರು ಇನ್ನೊಂದು ಗಮನಿಸಿ. ಕೊರಿಯರಿನವರು ತೂಕ ಮಾತ್ರವಲ್ಲ, ಪೆಟ್ಟಿಗೆಯ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 30, 30, 20ರ ಪೆಟ್ಟಿಗೆಯಲ್ಲಿ ಒಂದೇ ಕಿಲೋ ಹಪ್ಪಳವಿದ್ದರೂ ಚಾರ್ಜು 3.6 ಕಿಲೋದ್ದು! ಪೆಟ್ಟಿಗೆ ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ.

ದುಡ್ಡು ಬರುವಾಗ ಎಚ್ಚರ

ಯುಪಿಐ ಬಂದ ಮೇಲೆ ಹಣ ಬರುವುದು ಸುಲಭವಾಗಿದೆ. ಕಳ್ಳರಿಗೂ ಸುಲಭವಾಗಿದೆ. ಒಮ್ಮೆ ಒಬ್ಬ ಚೌಕಾಸಿಯೇ ಇಲ್ಲದೆ 20 ಕಿಲೋ ಬೇಕೆಂದ. ‘ಮುಂಗಡ ಹಾಕುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದ. ಪಿನ್ ಒತ್ತಲು ಬೆರಳು ಇಟ್ಟಾಗಿತ್ತು, ಮಗಳು ಕೈ ಹಿಡಿದಳು. ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಕೇಳಿತೆಂದರೆ ನಮ್ಮ ಹಣ ಹೋಗುತ್ತಿದೆ ಎಂದರ್ಥ. ಹಣ ಕಳಿಸಿದ ಫೋಟೋ ತೋರಿಸಿದರೂ ನಂಬಬೇಡಿ, ನಿಮ್ಮ ಖಾತೆಯಲ್ಲಿ ನೋಡಿದ ಮೇಲೆಯೇ ಪಾರ್ಸೆಲ್ ಕಟ್ಟಿ. ಮೋಸವಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ನಮ್ಮ ಪುಸ್ತಕದಲ್ಲಿ 212 ಹೆಸರುಗಳಿವೆ. ವರ್ಷಾ ತರಿಸುವವರು ಎಂಬತ್ತರ ಆಸುಪಾಸು. ನಮ್ಮ ಮರಗಳಿಗೆ ಅಷ್ಟು ಸಾಕು. ಕಳೆದ ಹಂಗಾಮಿನಲ್ಲಿ ಯಾವ ಗುಂಪಿಗೂ ಫೋಟೋ ಹಾಕಲಿಲ್ಲ. ‘ಒಣಗಿ ತಯಾರಾಗಿದೆ’ ಎಂಬ ಸುದ್ದಿ ಹೋದ ಒಂಬತ್ತು ದಿನದಲ್ಲಿ ಮಾಲು ಮುಗಿಯಿತು. ವಾಟ್ಸಾಪ್ ಇಲ್ಲದ ಇಬ್ಬರು ಹಿರಿಯರಿಗೆ ಈಗಲೂ ಅಂಚೆ ಕಾರ್ಡು ಬರೆಯುತ್ತೇನೆ.

ನೀವು ಏನನ್ನೇ ಮಾರಲು ಹೊರಟರೂ, ಆಪ್ ಹಾಕಿಕೊಳ್ಳುವ ಮೊದಲು ಅಂಗಡಿಯಿಂದ ಒಂದು ನೂರು ಪುಟದ ಪುಸ್ತಕ ತನ್ನಿ. ಮೊದಲ ಗಿರಾಕಿಯ ಹೆಸರು ಅದರಲ್ಲಿ ಬರೆಯಿರಿ.